ಟ್ವೈಲೈಟ್ ಸೌಂಡ್‌ಟ್ರ್ಯಾಕ್: ಒಂದು ಸೈಜ್ ದೊಡ್ಡ ಅಂಗಿ

ಮೊದ್ಲೇ ಹೇಳ್ಬಿಡ್ತೀನಿ, ನಾನು ಟ್ವೈಲೈಟ್ ಫ್ಯಾನ್ ಅಲ್ಲ. 2008ರಲ್ಲಿ ಪಿಕ್ಚರ್ ಬಂದಾಗ ಮೂಗು ಮುರಿದವರ ಸಾಲಲ್ಲಿ ನಾನೂ ನಿಂತಿದ್ದೆ, ಬಿಸಿಲು ಬಿದ್ರೆ ವಜ್ರದ ಥರ ಮಿಣಮಿಣ ಅನ್ನೋ ರಕ್ತಪಿಶಾಚಿ ಅಂದ್ರೆ ಏನ್ ಗುರು ಇದು ಅಂತ ಫ್ರೆಂಡ್ಸ್ ಜೊತೆ ಸೇರ್ಕೊಂಡು ನಕ್ಕಿದ್ದೆ. ಆದ್ರೆ ಅದರ ಹಾಡಿನ ಆಲ್ಬಮ್ ಮಾತ್ರ ಕದ್ದು ಕೇಳ್ತಿದ್ದೆ, ಇವತ್ತು ಒಪ್ಕೋತೀನಿ. ಈಗ ಇಷ್ಟು ವರ್ಷ ಆದ್ಮೇಲೆ ಅಕ್ಕನ ಮಗಳು, ಹದಿನಾಲ್ಕು ವರ್ಷ ಅವಳಿಗೆ, ಮೊದಲ ಸಲ ಈ ಪಿಕ್ಚರ್ ನೋಡ್ತೀನಿ ಅಂತ ಕೂತ್ಲು, ನಾನೂ ಪಕ್ಕದಲ್ಲಿ ಕೂತೆ. ಪಿಕ್ಚರ್ ನೋಡೋಕಲ್ಲ, ಅವಳನ್ನ ನೋಡೋಕೆ. ಯಾವ ಹಾಡಿಗೆ ಫೋನ್ ಕೆಳಗಿಡ್ತಾಳೆ, ಯಾವ ಹಾಡಿಗೆ ಮತ್ತೆ ಎತ್ಕೋತಾಳೆ ಅಂತ. ಹದಿಹರೆಯದವರಿಗೆ ಅಂತಾನೇ ಮಾಡಿದ ಆಲ್ಬಮ್ಮು ನಿಜವಾಗ್ಲೂ ಅವರಿಗೆ ಒಪ್ಪುತ್ತಾ ಇಲ್ವಾ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪರೀಕ್ಷೆ ನನಗಂತೂ ಹೊಳೀಲಿಲ್ಲ.

ಸ್ವಲ್ಪ ಹಿನ್ನೆಲೆ. ಆಲ್ಬಮ್ ಬಂದಿದ್ದು 2008ರ ನವೆಂಬರ್ 4ಕ್ಕೆ, ಪಿಕ್ಚರ್ ಅಮೆರಿಕಾದಲ್ಲಿ ರಿಲೀಸ್ ಆಗಿದ್ದು ಅದೇ ತಿಂಗಳು 21ಕ್ಕೆ. ಅಂದ್ರೆ ಪಿಕ್ಚರ್ ಇನ್ನೂ ಥಿಯೇಟರ್ ಮುಖ ನೋಡೋಕೆ ಮುಂಚೆನೇ ಆಲ್ಬಮ್ಮು ಅಮೆರಿಕಾದ ಟಾಪ್ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಲಿ ಸೀದಾ ಮೊದಲನೇ ಸ್ಥಾನಕ್ಕೆ ಹೋಗಿ ಕೂತಿತ್ತು. ಪುಸ್ತಕ ಓದಿ ಹುಚ್ಚು ಹಿಡಿಸ್ಕೊಂಡಿದ್ದ ಹುಡುಗೀರು ಪಿಕ್ಚರ್ ಬರೋವರೆಗೂ ಕಾಯೋಕಾಗದೆ ಹಾಡು ಕೇಳ್ಕೊಂಡು ದಿನ ತಳ್ಳಿದಾರೆ ಅಂತ ಅರ್ಥ. ಒಟ್ಟು 12 ಟ್ರ್ಯಾಕು. ಆರಿಸಿದವರು ಅಲೆಕ್ಸಾಂಡ್ರಾ ಪಟ್ಸಾವಸ್. ಇವರು ಹಾಡು ಕಟ್ಟೋ ಮ್ಯೂಸಿಕ್ ಡೈರೆಕ್ಟರ್ ಅಲ್ಲ, ಮ್ಯೂಸಿಕ್ ಸೂಪರ್‌ವೈಸರ್, ಯಾವ ಸೀನಿಗೆ ಯಾರ ಹಾಡು ಹೊಂದುತ್ತೆ ಅಂತ ಹುಡುಕಿ ತರೋರು. ಅದಕ್ಕೆ ಮುಂಚೆ 'ದಿ ಓಸಿ', 'ಗ್ರೇಸ್ ಅನಾಟಮಿ' ಥರದ ಟೀವಿ ಸೀರಿಯಲ್‌ಗಳಲ್ಲಿ ಯಾರೂ ಅಷ್ಟಾಗಿ ಕೇಳಿರದ ಬ್ಯಾಂಡ್‌ಗಳನ್ನ ಮನೆಮನೆಗೆ ಮುಟ್ಟಿಸಿದ್ದು ಇವರೇ. ಈ ಆಲ್ಬಮ್ ಹೊರಗೆ ಬಂದಿದ್ದೂ ಅವರದೇ ಚಾಪ್ ಶಾಪ್ ಲೇಬಲ್‌ನಿಂದ, ಅಟ್ಲಾಂಟಿಕ್ ಜೊತೆ ಸೇರಿ.

ಇಲ್ಲೊಂದು ವಿಚಾರ ಗಮನಿಸಿ. ಹದಿನೈದು ವರ್ಷದ ಹುಡುಗೀರ ಪಿಕ್ಚರಿಗೆ ಹಾಡು ಹಾಕಿ ಅಂತ ಯಾರಿಗಾದ್ರೂ ಕೊಟ್ಟಿದ್ರೆ ಏನು ಮಾಡ್ತಿದ್ರು? ಆಗ ರೇಡಿಯೋದಲ್ಲಿ ಬೆಳಗ್ಗೆ ಸಂಜೆ ಓಡ್ತಿದ್ದ ಪಾಪ್ ಹಾಡುಗಳನ್ನ ಒಂದು ಹತ್ತು ಎತ್ಕೊಂಡು ತುಂಬಿಬಿಡ್ತಿದ್ರು, ಅಷ್ಟೇ. ಇವರು ಹಾಗೆ ಮಾಡ್ಲಿಲ್ಲ. ಬೆಳೆಯೋ ಮಕ್ಕಳಿಗೆ ಅಂಗಿ ಹೊಲಿಸುವಾಗ ಒಂದು ಸೈಜ್ ದೊಡ್ಡದೇ ಹೊಲಿಸ್ತಾರಲ್ಲ, ಹಾಗೆ, ಆ ವಯಸ್ಸಿಗಿಂತ ಮೂರ್ನಾಲ್ಕು ವರ್ಷ ದೊಡ್ಡವರು ಕೇಳೋ ಹಾಡು ತಂದು ಹಾಕಿದ್ರು. ಬ್ರಿಟಿಷ್ ರಾಕು, ಡೆನ್ಮಾರ್ಕಿನ ಎಲೆಕ್ಟ್ರಾನಿಕ್ಕು, ಗಡ್ಡಧಾರಿ ಒಬ್ಬ ಪಿಸುಮಾತಲ್ಲಿ ಹಾಡೋ ಫೋಕು. ತೋಳು ಸ್ವಲ್ಪ ಉದ್ದ ಆಯ್ತು, ಮಡಚ್ಕೊಂಡು ಹಾಕ್ಕೋಬೇಕು, ಆದ್ರೆ ಹದಿನಾಲ್ಕು ವರ್ಷದವರಿಗೆ ಬೇಕಾಗಿರೋದೇ ಅದು ಅಲ್ವಾ. ಆ ವಯಸ್ಸಲ್ಲಿ ಯಾರೂ ಹದಿನಾಲ್ಕರ ಹಾಗೆ ಇರೋಕೆ ಇಷ್ಟಪಡಲ್ಲ, ಹದಿನೆಂಟರ ಹಾಗೆ ಕಾಣ್ಬೇಕು.

ಬೇಸ್‌ಬಾಲ್ ಸೀನಿಂದ ಶುರು ಮಾಡೋಣ, ಯಾಕಂದ್ರೆ ಎಲ್ಲರೂ ಅಲ್ಲಿಂದಾನೇ ಶುರು ಮಾಡ್ತಾರೆ. ಕಥೆ ಪ್ರಕಾರ ಹೀರೋ ಎಡ್ವರ್ಡ್‌ನ ವ್ಯಾಂಪೈರ್ ಕುಟುಂಬ ಬೇಸ್‌ಬಾಲ್ ಆಡೋಕೆ ಗುಡುಗು ಬರೋವರೆಗೂ ಕಾಯ್ಬೇಕು, ಅವರು ಬ್ಯಾಟ್ ಬೀಸಿದ್ರೆ ಆ ಸದ್ದೇ ಗುಡುಗಿನ ಹಾಗಿರುತ್ತೆ, ಊರಿನವರಿಗೆ ಗೊತ್ತಾಗಬಾರದು ನೋಡಿ. ಕಾಗದದ ಮೇಲೆ ಓದಿದ್ರೆ ನಗು ಬರೋ ಸೀನು. ಅದಕ್ಕೆ ಹಾಕಿರೋದು ಮ್ಯೂಸ್ ಬ್ಯಾಂಡಿನ 'ಸೂಪರ್‌ಮ್ಯಾಸಿವ್ ಬ್ಲ್ಯಾಕ್ ಹೋಲ್'. ಪಿಕ್ಚರಿಗೆ ಅಂತ ಬರೆದಿದ್ದಲ್ಲ, 2006ರದ್ದು, ಎರಡು ವರ್ಷ ಹಳೇದು. ಆ ಗಿಟಾರ್ ರಿಫ್ ಇದ್ಯಲ್ಲ, ಗರಗರ ಅಂತ ಹಲ್ಲು ಕಡೀತಿರೋ ಥರ, ಅದು ಶುರು ಆದ ತಕ್ಷಣ ಸೀನಿನ ಧಾಟಿನೇ ಬದಲಾಗುತ್ತೆ, ಅಲ್ಲೀವರೆಗೂ ಒಬ್ಬರನ್ನೊಬ್ಬರು ಗುರಾಯಿಸ್ಕೊಂಡು ನಿಟ್ಟುಸಿರು ಬಿಡ್ತಿದ್ದ ಪಿಕ್ಚರ್ರು ಇದ್ದಕ್ಕಿದ್ದಂಗೆ ಮೈ ಕೊಡವಿ ಎದ್ದು ನಿಲ್ಲುತ್ತೆ, ಬ್ಯಾಂಡಿನ ಹಾಡುಗಾರ ಮ್ಯಾಟ್ ಬೆಲ್ಲಮಿ ಕಳ್ಳದನಿಯಲ್ಲಿ ಕೀರಲು ಎಳೀತಿದ್ರೆ ಇತ್ಲಾಗೆ ಬ್ಯಾಟಿಗೆ ಬಾಲ್ ತಾಗಿ ಢಮಾರ್ ಅನ್ನುತ್ತೆ, ಹಾಡಲ್ಲಿರೋ ಡ್ರಮ್ ಯಾವ್ದು ಆಟದ ಗುಡುಗು ಯಾವ್ದು ಅಂತ ಒಂದೆರಡು ಕಡೆ ಗೊತ್ತೇ ಆಗಲ್ಲ. ನಮ್ಮ ಹುಡುಗಿ ಫೋನ್ ಕೆಳಗಿಟ್ಟಿದ್ದು ಇಲ್ಲೇ. ಕೆಳಗಿಟ್ಟು, ಸೋಫಾ ಮೇಲೆ ಕಾಲು ಮಡಚ್ಕೊಂಡು ಮುಂದಕ್ಕೆ ಬಗ್ಗಿದ್ಲು. ಸೀನ್ ಮುಗಿದ ತಕ್ಷಣ ರಿಮೋಟ್ ತಗೊಂಡು ಹಿಂದಕ್ಕೆ ಹೋಗಿ ಇನ್ನೊಂದ್ಸಲ ಹಾಕಿದ್ಲು. "ಮಾಮ, ಈ ಹಾಡು ಯಾರದ್ದು?" ಅಂತ ಕೇಳಿದ್ದೂ ಈ ಒಂದಕ್ಕೇನೇ.

ಪುಸ್ತಕ ಬರೆದ ಸ್ಟೆಫನಿ ಮೇಯರ್‌ಗೂ ಮ್ಯೂಸ್ ಅಂದ್ರೆ ಪ್ರಾಣ, ಸರಣಿಯ ಮುಂದಿನ ಪುಸ್ತಕದಲ್ಲೇ ಆ ಬ್ಯಾಂಡಿಗೆ ಥ್ಯಾಂಕ್ಸ್ ಹೇಳಿದಾರೆ. ಹಾಗಾಗಿ ಓದಿದವರಿಗೆ ಈ ಹಾಡು ಎಲ್ಲಿಂದಲೋ ತಂದು ಅಂಟಿಸಿದ್ದು ಅನ್ನಿಸಿರಲ್ಲ, ಮನೆಯವರೇ ಬಂದ ಹಾಗಿರುತ್ತೆ.

ಇನ್ನು 'ಡಿಕೋಡ್'. ಪ್ಯಾರಮೋರ್ ಅನ್ನೋ ಬ್ಯಾಂಡು ಇದನ್ನ ಪಿಕ್ಚರಿಗೋಸ್ಕರಾನೇ ಬರೆದಿದ್ದು. ಕಥೆ ಗೊತ್ತಿದ್ದವರಿಗೆ ಹೆಸರಲ್ಲೇ ಎಲ್ಲಾ ಇದೆ. ಎಡ್ವರ್ಡ್‌ಗೆ ಎಲ್ಲರ ಮನಸ್ಸಲ್ಲಿ ಏನಿದೆ ಅಂತ ಓದೋಕೆ ಬರುತ್ತೆ, ಅವನು ಪ್ರೀತಿಸೋ ಹುಡುಗಿ ಬೆಲ್ಲಾ ಮನಸ್ಸು ಮಾತ್ರ ಓದೋಕಾಗಲ್ಲ. ಆದ್ರೆ ಹಾಡು ಆ ಕಡೆಯಿಂದ ಇಲ್ಲ, ಹುಡುಗಿ ಕಡೆಯಿಂದ ಇದೆ, ಅವಳಿಗೂ ಅವನು ಅರ್ಥ ಆಗ್ತಿಲ್ಲ, ಅದಕ್ಕೆ ಅವಳಿಗೆ ಅಳು ಬರ್ತಿಲ್ಲ, ಕೋಪ ಬರ್ತಿದೆ. ಇಡೀ ಪಿಕ್ಚರಲ್ಲಿ ಬೆಲ್ಲಾ ಕೋಪ ಮಾಡ್ಕೊಳ್ಳೋದೇ ಕಮ್ಮಿ, ತುಟಿ ಕಚ್ಕೊಂಡು, ಮಾತು ಅರ್ಧಕ್ಕೆ ನುಂಗ್ಕೊಂಡು ಕಾಲ ಹಾಕ್ತಾಳೆ, ಆ ಅರ್ಧ ನುಂಗಿದ ಮಾತೆಲ್ಲ ಈ ಹಾಡಲ್ಲಿ ಹೊರಗೆ ಬಂದಿದೆ ಅನ್ಸುತ್ತೆ ನನಗೆ. ಹಾಡಿದ ಹೇಲಿ ವಿಲಿಯಮ್ಸ್‌ಗೆ ಆಗಿನ್ನೂ 19. ಕೇಳೋರಿಗೂ ಹಾಡೋರಿಗೂ ನಾಲ್ಕೈದು ವರ್ಷ ವ್ಯತ್ಯಾಸ ಅಷ್ಟೇ, ಸ್ಕೂಲಲ್ಲಿ ಸೀನಿಯರ್ ಅಕ್ಕ ಬಂದು ಹೇಳಿದ ಹಾಗೆ. ಇದಕ್ಕೆ ಗ್ರ್ಯಾಮಿ ನಾಮಿನೇಷನ್ನೂ ಸಿಕ್ತು. ಇಡೀ ಆಲ್ಬಮ್ಮಲ್ಲಿ ಅಂಗಿ ಅಳತೆಗೆ ಸರಿಯಾಗಿ ಕೂತಿರೋದು ಅಂದ್ರೆ ಇದೊಂದೇ, ದೊಡ್ಡದೂ ಅಲ್ಲ ಚಿಕ್ಕದೂ ಅಲ್ಲ. ಪ್ಯಾರಮೋರ್‌ದೇ ಇನ್ನೊಂದಿದೆ, 'ಐ ಕಾಟ್ ಮೈಸೆಲ್ಫ್', ಅದೂ ಚೆನ್ನಾಗೇ ಇದೆ, ಇದರ ನೆರಳಲ್ಲಿ ಕಳೆದುಹೋಗಿದೆ ಪಾಪ.

ಮೆತ್ತಗಿನ ಹಾಡುಗಳ ಬಗ್ಗೆ ನನಗೆ ಸ್ವಲ್ಪ ಅನುಮಾನ ಇತ್ತು, ಈಗಿನ ಮಕ್ಕಳು ಹದಿನೈದು ಸೆಕೆಂಡಿಗೆ ಸ್ಕಿಪ್ ಮಾಡ್ತಾರೆ ಅಂತ. ಬ್ಲೂ ಫೌಂಡೇಶನ್‌ದು 'ಐಸ್ ಆನ್ ಫೈರ್' (ಮಂಜಿನ ಐಸ್ ಅಲ್ಲ, ಕಣ್ಣುಗಳು) ಅಂತ ಒಂದಿದೆ, ಡೆನ್ಮಾರ್ಕಿನ ಬ್ಯಾಂಡು. ಎಡ್ವರ್ಡ್ ಸ್ಕೂಲಿಗೆ ಬರದೇ ಇರ್ತಾನಲ್ಲ, ಬೆಲ್ಲಾ ದಿನಾ ಪಾರ್ಕಿಂಗಲ್ಲಿ ಅವನ ಕಾರು ಹುಡುಕ್ತಿರ್ತಾಳೆ, ಆವಾಗ ಬರುತ್ತೆ. ಹೆಣ್ಣು ಧ್ವನಿ, ಕಿವಿ ಹತ್ರ ಬಂದು ಹೇಳಿದ ಹಾಗೆ, ಆದ್ರೆ ಹೇಳ್ತಿರೋದು ಪ್ರೀತಿಯ ಮಾತಲ್ಲ, ನಿನ್ನನ್ನ ಬಿಡಲ್ಲ ಅನ್ನೋ ಧಮ್ಕಿ. ನೋಡೋಕೆ ಹುಡುಗ ಬೇಟೆಗಾರ, ಹುಡುಗಿ ಬಲಿ. ಹಾಡು ಮಾತ್ರ ಉಲ್ಟಾ ಮಾಡಿ ಕಾಯ್ತಿರೋ ಹುಡುಗೀನೇ ಹೊಂಚು ಹಾಕ್ತಿರೋ ಹಾಗೆ ಮಾಡ್ಬಿಟ್ಟಿದೆ. ಕ್ಲಾಸಲ್ಲಿ ಯಾರೋ ಒಬ್ಬ ಇವತ್ತು ಬಂದಿದಾನಾ ಇಲ್ವಾ ಅಂತ ಬಾಗಿಲ ಕಡೆ ನೋಡ್ಕೊಂಡು ಕೂತವರಿಗೆಲ್ಲ ಗೊತ್ತಿರುತ್ತೆ ಅದು ಎಷ್ಟು ಭಯಂಕರ ವಿಷಯ ಅಂತ, ದೊಡ್ಡವರಾದ್ಮೇಲೆ ನಾವು ಅದನ್ನ ತಮಾಷೆ ಅಂತೀವಿ, ಹಾಡು ತಮಾಷೆ ಮಾಡಲ್ಲ. ನಮ್ಮ ಹುಡುಗಿ ಇದಕ್ಕೆ ಏನೂ ಹೇಳ್ಲಿಲ್ಲ. ಫೋನೂ ಎತ್ಲಿಲ್ಲ.

ಶುರುನಲ್ಲೇ ಬರೋ 'ಫುಲ್ ಮೂನ್' ಕೂಡ ಇದೇ ಜಾತಿದು. ಬಿಸಿಲಿನ ಫೀನಿಕ್ಸ್ ಬಿಟ್ಟು ಮಳೆ ಸುರಿಯೋ ಫೋರ್ಕ್ಸ್‌ಗೆ ಬೆಲ್ಲಾ ಬರೋ ಹೊತ್ತಿಗೆ ಕೇಳ್ಸುತ್ತೆ. ಪಿಕ್ಚರಿಗೆ ಹೊಡೆದಿರೋ ಆ ನೀಲಿ ಹಸಿರು ಬಣ್ಣ ಇದ್ಯಲ್ಲ, ಪಾಚಿ ಕಟ್ಟಿದ ಗೋಡೆ ಥರ, ಹಾಡೂ ಹಾಗೇ ಒದ್ದೆ ಒದ್ದೆ.

ಈಗ ನನಗೆ ತುಂಬಾ ಇಷ್ಟದ್ದು. ಕೊನೆಗೆ ಪ್ರಾಮ್, ಅಂದ್ರೆ ಸ್ಕೂಲಿನ ಡ್ಯಾನ್ಸ್ ಪಾರ್ಟಿ. ಬೆಲ್ಲಾ ಒಂದು ಕಾಲಿಗೆ ಪಟ್ಟಿ ಕಟ್ಕೊಂಡು ಬಂದಿದಾಳೆ, ನೆಟ್ಟಗೆ ನಿಲ್ಲೋಕೂ ಕಷ್ಟ, ಎಡ್ವರ್ಡ್ ಅವಳನ್ನ ಎತ್ತಿ ತನ್ನ ಪಾದದ ಮೇಲೆ ನಿಲ್ಲಿಸ್ಕೋತಾನೆ, ಚಿಕ್ಕ ಮಕ್ಕಳನ್ನ ಅಪ್ಪಂದಿರು ಕಾಲ ಮೇಲೆ ನಿಲ್ಲಿಸ್ಕೊಂಡು ನಡೆಸ್ತಾರಲ್ಲ ಹಾಗೆ, ಸುತ್ತ ಸಣ್ಣ ಸಣ್ಣ ದೀಪ. ಹಾಡು ಐರನ್ ಆ್ಯಂಡ್ ವೈನ್‌ದು, 'ಫ್ಲೈಟ್‌ಲೆಸ್ ಬರ್ಡ್, ಅಮೆರಿಕನ್ ಮೌತ್', ಇದೂ ಪಿಕ್ಚರಿಗಿಂತ ಮುಂಚಿನದ್ದು, 2007ರದ್ದು. ವಾಲ್ಟ್ಜ್ ಇದು, ಮೂರರ ಎಣಿಕೆ, ನಮ್ಮ ಕಡೆ ಭಾಷೇಲಿ ತಿಶ್ರ ಅನ್ಕೊಳ್ಳಿ, ಒಂದು ಎರಡು ಮೂರು, ಒಂದು ಎರಡು ಮೂರು ಅಂತ ತೂಗುತ್ತೆ. ಕುಂಟೋರಿಗೆ ಮೂರರ ನಡೆ ಎಷ್ಟು ಚೆನ್ನಾಗಿ ಹೊಂದುತ್ತೆ ನೋಡಿ, ಒಂದು ಗಟ್ಟಿ ಹೆಜ್ಜೆ ಎರಡು ಹಗುರ ಹೆಜ್ಜೆ. ಇದನ್ನ ಯೋಚಿಸಿ ಮಾಡಿದ್ರೋ ತಾನಾಗೇ ಆಯ್ತೋ, ಕೂತಿದೆ. ಹಾಡಿನ ಸಾಹಿತ್ಯ ಅಂತೂ ಒಗಟು, ಹತ್ತು ಸಲ ಕೇಳಿದ್ರೂ ಪೂರ್ತಿ ಬಿಡಿಸೋಕಾಗಲ್ಲ, ಪ್ರೇಮಗೀತೆ ಅಂತ ಹೇಳೋಕೂ ಧೈರ್ಯ ಬರಲ್ಲ. ಹದಿನೈದರ ಮಕ್ಕಳಿಗೆ ಇಂಥದ್ದು ಯಾಕೆ ಅಂತ ಕೇಳ್ಬಹುದು. ನಾನಂತೀನಿ ಇಂಥದ್ದೇ ಬೇಕು. ಪೂರ್ತಿ ಅರ್ಥ ಆಗೋ ಹಾಡು ಎರಡು ವಾರಕ್ಕೆ ಸವೆದು ಹೋಗುತ್ತೆ. ಅರ್ಥ ಆಗದೇ ಇರೋದು ಹತ್ತು ವರ್ಷ ಜೊತೆಗಿರುತ್ತೆ, ಆಗಾಗ ಒಂದೊಂದು ಸಾಲು ತಟ್ಟಂತ ಬೆಳಕಾಗುತ್ತೆ. 2011ರಲ್ಲಿ ಇದೇ ಸರಣಿಯ ಮದುವೆ ಸೀನಿಗೂ ಈ ಹಾಡನ್ನೇ ಬೇರೆ ರೂಪದಲ್ಲಿ ಮತ್ತೆ ತಂದ್ರು. ಅಷ್ಟರ ಮಟ್ಟಿಗೆ ನೋಡಿದವರ ಮನಸ್ಸಲ್ಲಿ ಬೇರು ಬಿಟ್ಟಿತ್ತು.

ಬಿಜಿಎಂ ಕಾರ್ಟರ್ ಬರ್ವೆಲ್‌ದು. ಹಾಲಿವುಡ್ ನಿರ್ದೇಶಕರಾದ ಕೋಯೆನ್ ಸಹೋದರರ ಪಿಕ್ಚರ್‌ಗಳಿಗೆ 1984ರಿಂದ ಸಂಗೀತ ಕೊಟ್ಕೊಂಡು ಬಂದಿರೋ ಮನುಷ್ಯ, ಟೀನೇಜ್ ಲವ್ ಸ್ಟೋರಿಗೆ ಇವರನ್ನ ಕರ್ಕೊಂಡು ಬಂದಿದ್ದೇ ದೊಡ್ಡ ವಿಷಯ. ಆಲ್ಬಮ್ಮಲ್ಲಿ ಅವರದ್ದು ಒಂದೇ ಟ್ರ್ಯಾಕು, ಕೊನೇದು, 'ಬೆಲ್ಲಾಸ್ ಲಲಬೈ'. ಜೋಗುಳ ಅಂತ ಹೆಸರು, ಇದನ್ನ ಕೇಳ್ಕೊಂಡು ಯಾವ ಮಗೂನೂ ಮಲಗಲ್ಲ. ಪಿಯಾನೋದಲ್ಲಿ ಸಿಹಿಯಾಗಿ ಒಂದು ಸಾಲು ಬರುತ್ತೆ, ಹಿಂದೇನೇ ಒಂದು ಸ್ವರ ಬೇಕಂತಲೇ ಪಕ್ಕಕ್ಕೆ ಜಾರಿದ ಹಾಗೆ ಕೇಳುತ್ತೆ, ಏನೋ ಸರಿ ಇಲ್ಲ ಅನ್ಸೋಕೆ ಶುರು ಆಗೋದ್ರಲ್ಲಿ ಮತ್ತೆ ಸಿಹಿ. ಹುಡುಗ ಒಳ್ಳೆಯವನು, ಆದ್ರೆ ಕಚ್ಚಿಬಿಟ್ರೆ? ಆ ಎರಡು ಮನಸ್ಸನ್ನ ಮಾತಿಲ್ಲದೆ ಎರಡು ಕೈಯಲ್ಲಿ ಹೇಳಿಬಿಟ್ಟಿದಾರೆ. ಪಿಯಾನೋ ಕಲೀತಿದ್ದ ಹುಡುಗ ಹುಡುಗೀರು ಆಗ ಇದರ ನೋಟ್ಸ್ ಹುಡುಕ್ಕೊಂಡು ಮುಗಿಬಿದ್ರು. ಮಕ್ಕಳು ಕೇಳಿ ಸುಮ್ಮನಾಗೋ ಸಂಗೀತಕ್ಕಿಂತ ಕೂತು ಕಲಿಯೋ ಸಂಗೀತ ದೊಡ್ಡದಲ್ವಾ.

ಪಿಯಾನೋ ಅಂದ್ಮೇಲೆ ನನ್ನ ದೊಡ್ಡ ದೂರು ಇಲ್ಲೇ ಹೇಳ್ಬಿಡ್ತೀನಿ. ಎಡ್ವರ್ಡ್ ರೂಮಿಗೆ ಬೆಲ್ಲಾ ಮೊದಲ ಸಲ ಹೋದಾಗ ಓಡ್ತಿರೋದು ಫ್ರೆಂಚ್ ಸಂಗೀತಗಾರ ಡೆಬ್ಯುಸಿಯ 'ಕ್ಲೇರ್ ದ ಲೂನ್'. 1905ರಲ್ಲಿ ಅಚ್ಚಾದ ಕೃತಿ. ಎಡ್ವರ್ಡ್ ಹುಟ್ಟಿದ್ದು 1901, ವ್ಯಾಂಪೈರ್ ಆಗಿದ್ದು 1918, ಅಂದ್ರೆ ಪಾಪ ಅವನಿಗೆ ಇದು ಹಳೇ ಕ್ಲಾಸಿಕಲ್ ಅಲ್ಲ ಮಾರಾಯ್ರೆ, ಬಾಲ್ಯದಲ್ಲಿ ಹೊಸದಾಗಿ ಬಂದಿದ್ದ ಟ್ಯೂನು! ಇದನ್ನ ಹುಡುಗಿಗೆ ಹೇಳ್ದಾಗ "ಅಯ್ಯೋ ಮಾಮ, ಹಂಗಾದ್ರೆ ಅವ್ನು ಅಜ್ಜ" ಅಂತ ಮುಖ ಕಿವುಚಿದ್ಲು, ನಾನು ಹೇಳಬಾರದಿತ್ತೇನೋ. ಇರ್ಲಿ. ಆ ಸೀನಿನ ಜೀವಾನೇ ಆಗಿರೋ ಈ ತುಣುಕು ಮಾಮೂಲಿ 12 ಟ್ರ್ಯಾಕಿನ ಆಲ್ಬಮ್ಮಲ್ಲಿ ಇಲ್ಲ. ಕೊನೆಗೆ ಟೈಟಲ್ಸ್ ಓಡುವಾಗ ಬರೋ ರೇಡಿಯೋಹೆಡ್‌ದು '15 ಸ್ಟೆಪ್', ಅದೂ ಇಲ್ಲ. ಐದರ ಎಣಿಕೆಯ ಹಾಡದು, ಖಂಡ ನಡೆ ಥರ, ಕಾಲು ಹಾಕೋಕೆ ಹೋದ್ರೆ ತಪ್ಪೋಗುತ್ತೆ. ಈಗತಾನೇ ಮೂರರ ನಡೇಲಿ ತೂಗಿ ಮಲಗಿಸಿದ ಪಿಕ್ಚರು ಈ ಐದರಲ್ಲಿ ಎಡವಿಸಿ ಎಬ್ಬಿಸುತ್ತೆ, ಕಥೆ ಮುಗಿದಿಲ್ಲ, ಕೆಂಪು ಕೂದಲಿನ ವಿಲನ್ ವ್ಯಾಂಪೈರ್ ಇನ್ನೂ ಇದಾಳೆ ಅಂತ. ಅಷ್ಟು ಚೆಂದದ ಜೋಡಣೆ ಪಿಕ್ಚರಲ್ಲಿ ಇದೆ, ದುಡ್ಡು ಕೊಟ್ಟು ತಗೊಂಡ ಆಲ್ಬಮ್ಮಲ್ಲಿ ಇಲ್ಲ. ಹಕ್ಕಿನ ಗಲಾಟೆನೋ ಏನೋ, ಕೇಳೋರಿಗೆ ಅದೆಲ್ಲ ಯಾಕೆ ಬೇಕು.

ಬದಲಿಗೆ ಏನಿದೆ? ಪೆರಿ ಫ್ಯಾರೆಲ್ ಹಾಡಿರೋ 'ಗೋ ಆಲ್ ದ ವೇ'. ಆಗ ಅವರಿಗೆ 49. ಜೇನ್ಸ್ ಅಡಿಕ್ಷನ್ ಬ್ಯಾಂಡ್ ಕಟ್ಟಿದವರು, ಲೊಲ್ಲಾಪಲೂಜಾ ಸಂಗೀತೋತ್ಸವ ಶುರು ಮಾಡಿದವರು, ದೊಡ್ಡ ಹೆಸರು, ಒಪ್ಪಿದೆ. ಆದ್ರೆ ಈ ಹಾಡು ಮಾತ್ರ ಮಕ್ಕಳ ಪಾರ್ಟಿ ಮಧ್ಯ ಬಂದು ಕುಣಿಯೋಕೆ ಶುರು ಮಾಡೋ ದೊಡ್ಡಪ್ಪನ ಥರ, ಉತ್ಸಾಹಕ್ಕೇನೂ ಕಮ್ಮಿ ಇಲ್ಲ, ನೋಡೋರಿಗೆ ಮಾತ್ರ ಮುಜುಗರ. ಕಲೆಕ್ಟಿವ್ ಸೋಲ್‌ದು 1999ರ ಹಾಡು ಒಂದಿದೆ, ಕೆಟ್ಟದ್ದಲ್ಲ, ಆದ್ರೆ ಯಾಕಿದೆ ಅಂತ ಗೊತ್ತಾಗಲ್ಲ. ಮ್ಯೂಟ್‌ಮ್ಯಾತ್‌ದು 'ಸ್ಪಾಟ್‌ಲೈಟ್' ಪರವಾಗಿಲ್ಲ, ಇಬ್ಬರೂ ಒಂದೇ ಕಾರಲ್ಲಿ ಬಂದು ಇಳಿಯೋದನ್ನ ಇಡೀ ಸ್ಕೂಲು ಬಾಯಿ ಬಿಟ್ಕೊಂಡು ನೋಡೋ ಸೀನಿಗೆ ಹೊಂದುತ್ತೆ.

ಲಿಂಕಿನ್ ಪಾರ್ಕ್ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ. ಆಗ ಇದು ಹೆಸರು ನೋಡಿ ಹುಡುಗರೂ ತಗೊಳ್ಳಲಿ ಅಂತ ತುರುಕಿದ್ದು ಅನ್ಕೊಂಡಿದ್ದೆ, ನಿಜ ಹೇಳ್ಬೇಕಂದ್ರೆ ನಾನೇ ಆ ಹುಡುಗ, ಅದರ ನೆಪದಲ್ಲೇ ಆಲ್ಬಮ್ ಇಟ್ಕೊಂಡಿದ್ದೆ, ಯಾರಾದ್ರೂ ಕೇಳಿದ್ರೆ ಲಿಂಕಿನ್ ಪಾರ್ಕ್ ಮ್ಯೂಸ್ ಇದೆ ಅಂತ ಹೇಳ್ಬಹುದಿತ್ತು. 'ಲೀವ್ ಔಟ್ ಆಲ್ ದ ರೆಸ್ಟ್' ನಾನು ಹೋದ್ಮೇಲೆ ನನ್ನ ತಪ್ಪು ಬಿಟ್ಟು ಒಳ್ಳೇದು ನೆನಪಿಟ್ಕೊಳ್ಳಿ ಅನ್ನೋ ಅರ್ಥದ ಹಾಡು. ಸಾಯೋಕೇ ಆಗದವನ ಪಿಕ್ಚರಿಗೆ ಸಾವಿನ ಹಾಡು ಯಾಕಪ್ಪಾ ಅಂತ ಆಗ ಆಡ್ಕೊಂಡಿದ್ದೆ. 2017ರಲ್ಲಿ ಆ ಬ್ಯಾಂಡಿನ ಹಾಡುಗಾರ ಚೆಸ್ಟರ್ ಬೆನ್ನಿಂಗ್ಟನ್ ತೀರಿಹೋದ್ಮೇಲೆ ಇದನ್ನ ಆಡ್ಕೊಂಡು ಕೇಳೋಕಾಗ್ತಿಲ್ಲ. ಹುಡುಗಿಗೆ ಆ ಕಥೆ ಗೊತ್ತಿಲ್ಲ, ಅವಳಿಗೆ ಇದು ಬರೀ ಒಂದು ಒಳ್ಳೆ ಹಾಡು, ಅದೂ ಸರಿನೇ.

ಒಂದು ಹಾಡಲ್ಲಿ ಮಾತ್ರ ಅವಳಿಗೂ ನನಗೂ ಜಗಳ. ಹೀರೋನೇ ಹಾಡಿರೋ 'ನೆವರ್ ಥಿಂಕ್'. ಆಲ್ಬಮ್ ಮೇಲೆ ರಾಬ್ ಪ್ಯಾಟಿನ್ಸನ್ ಅಂತ ಚುಟುಕಾಗಿ ಹೆಸರು. ಗಿಟಾರ್ ಒಂದು ಇಟ್ಕೊಂಡು ಅರ್ಧ ಮಾತು ಗಂಟಲಲ್ಲಿ ಅರ್ಧ ಮೂಗಲ್ಲಿ ಹೇಳ್ಕೊಂಡು ಹೋಗ್ತಾನೆ, ಒಂದು ಪದಾನೂ ನೆಟ್ಟಗೆ ಕಿವಿಗೆ ಬೀಳಲ್ಲ. ಸ್ಟಾರ್ ಅಂತ ಹಾಕಿದಾರೆ, ಇಲ್ಲಾಂದ್ರೆ ಇದಕ್ಕೆ ಇಲ್ಲೇನು ಕೆಲಸ ಅಂದೆ. ಅವಳು ಹೆಡ್‌ಫೋನ್ ಒಂದು ಕಡೆ ಸರಿಸಿ "ಮಾಮ, ಅವ್ನಿಗೆ ಹಾಡೋಕೆ ನಾಚಿಕೆ ಆಗ್ತಿದೆ, ಗೊತ್ತಾಗಲ್ವಾ ನಿಂಗೆ" ಅಂದ್ಲು. ಗೊತ್ತಾಗಿರ್ಲಿಲ್ಲ. ಆಮೇಲೆ ಇನ್ನೊಂದ್ಸಲ ಕೇಳಿದೆ, ಈಗ್ಲೂ ಹಾಡು ಸುಮಾರೇ ಅನ್ನೋದು ನನ್ನ ತೀರ್ಪು, ಆದ್ರೆ ಅವಳು ಹೇಳಿದ್ದು ಮಾತ್ರ ಅದ್ರಲ್ಲಿ ಇದೆ.

ಮುಂದಿನ ವರ್ಷ ಎರಡನೇ ಪಿಕ್ಚರಿಗೆ ಬಂದ ಆಲ್ಬಮ್ ಇನ್ನೂ ಒಂದು ಸೈಜ್ ದೊಡ್ಡದು, ಥಾಮ್ ಯಾರ್ಕ್, ಬಾನ್ ಐವರ್, ಸೇಂಟ್ ವಿನ್ಸೆಂಟ್ ಥರದ ಹಾಡುಗಾರರೆಲ್ಲಾ ಇದಾರೆ. ಸಂಗೀತ ಗೊತ್ತಿರೋರು ಅದೇ ಶ್ರೇಷ್ಠ ಅಂತಾರೆ. ನನಗೆ ಅದು ಅಂಗಿ ಬದಲು ಕೋಟು ಹೊಲಿಸಿದ ಹಾಗೆ, ಮಕ್ಕಳು ಒಳಗೆಲ್ಲೋ ಮುಳುಗಿ ಹೋಗಿದಾರೆ, ಬೇಸ್‌ಬಾಲ್ ಸೀನಿನ ಆ ತುಂಟತನ ಅದ್ರಲ್ಲಿ ಇಲ್ಲ. ಹುಡುಗಿ ನಾಲ್ಕನೇ ಹಾಡಿಗೆ ಫೋನ್ ಎತ್ಕೊಂಡ್ಲು.

ತಗೊಳ್ಳೋರಿಗೆ ನನ್ನ ಸಲಹೆ: ಮಾಮೂಲಿ 12 ಟ್ರ್ಯಾಕಿನದ್ದೇ ಸಾಕು, 'ಕ್ಲೇರ್ ದ ಲೂನ್', '15 ಸ್ಟೆಪ್' ಎರಡನ್ನೂ ನೀವೇ ಹುಡುಕಿ ಸೇರಿಸ್ಕೊಳ್ಳಿ, ಪೆರಿ ಫ್ಯಾರೆಲ್ ಅವರನ್ನ ಗೌರವದಿಂದ ಸ್ಕಿಪ್ ಮಾಡಿ. ಪಿಯಾನೋ ಇಷ್ಟ ಇದ್ರೆ ಬರ್ವೆಲ್ ಅವರ ಬಿಜಿಎಂ ಬೇರೆ ಆಲ್ಬಮ್ಮಾಗಿ ಸಿಗುತ್ತೆ. ಸ್ಪೀಕರಲ್ಲಿ ಹಾಕ್ಬೇಡಿ, ಹೆಡ್‌ಫೋನಲ್ಲೇ ಕೇಳಿ, ಅರ್ಧ ಹಾಡು ಪಿಸುಮಾತು, ಮಿಕ್ಸಿ ಸದ್ದಲ್ಲಿ ಸತ್ತೋಗುತ್ತೆ. ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಹುಡುಗಿ ನಾಲ್ಕೂವರೆ ಕೊಟ್ಟಿದಾಳೆ, ಅರ್ಧ ಕಟ್ ಮಾಡಿದ್ದು ಜೋಗುಳ ಬೇಗ ಮುಗಿದೋಗುತ್ತೆ ಅಂತ.